ಮಯೋಪಿಯಾ ಕಂಟ್ರೋಲ್ ಗ್ಲಾಸ್ ಅಂದ್ರ ಏನ್ರಿ ಅದು?

ನಮ್ಮಣ್ಣನ ಮಗಳಿಗಿ ಒಂಬತ್ತು ವರ್ಷ, ಹೋದ ವರ್ಷ ಮೈನಸ್ ಒಂದೂವರಿ ಇದ್ದ ನಂಬರ್ ಈ ಸಲ ಎರಡೂಕಾಲ್ ಆಗ್ಯಾದ. ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಒಂದ್ ಛಶ್ಮಾ ಅಂಗಡ್ಯಾಗ "ಮಯೋಪಿಯಾ ಕಂಟ್ರೋಲ್ ಗ್ಲಾಸ್ ಹಾಕಸ್ರಿ" ಅಂದಾರ, ರೇಟ್ ಕೇಳಿ ವೈನಿ ಗಾಬರಿಯಾಗಿ ಅಲ್ಲಿಂದನೇ ಫೋನ್ ಹಚ್ಚಿದ್ರು, "ತಮ್ಮಾ, ಇದು ಹಾಕಿದ್ರ ನಂಬರ್ ಇಳಿತದೇನು?"

ಇಳಿಯಂಗಿಲ್ಲ. ಏರೋದು ನಿಧಾನ ಆಗ್ತದ, ಅಷ್ಟೇ. ಕಂಟ್ರೋಲ್ ಅನ್ನೋ ಮಾತಿಗಿ ಇಲ್ಲಿ ಅರ್ಥ ಅದೇ.

ಮಯೋಪಿಯಾ ಅಂದ್ರ ಹತ್ರದ್ದು ಕಾಣೋದು, ದೂರದ ಬೋರ್ಡ್ ಮಸುಕಾಗೋದು. ಮಕ್ಕಳಿಗಿ ಇದು ಜಾಸ್ತಿ ಆಗೋದು ಯಾಕಂದ್ರ ಕಣ್ಣಿನ ಗುಡ್ಡಿ ಹಿಂದಕ್ಕ ಉದ್ದ ಬೆಳಿತದ, 1 ಮಿಲಿಮೀಟರ್ ಜಾಸ್ತಿ ಬೆಳೀತು ಅಂದ್ರ ಸುಮಾರು ಎರಡೂವರಿ ನಂಬರ್ ಏರ್ದಂಗ. "ದೊಡ್ಡಾಕಿ ಆದ್ಮ್ಯಾಲ ಲೇಸರ್ ಮಾಡಿಸಿದ್ರಾತು ಬಿಡು" ಅಂತಾರಲ್ಲ, ಲೇಸರ್ ಮಾಡೋದು ಕಣ್ಣಿನ ಮುಂದಿನ ಪದರಕ್ಕ, ಗುಡ್ಡಿ ಉದ್ದ ಇದ್ದಷ್ಟೇ ಇರ್ತದ, ಹಿಂದಿರೋ ರೆಟಿನಾ, ಅಂದ್ರ ಚಿತ್ರ ಬೀಳೋ ಪರದಿ, ಎಳ್ಕೊಂಡು ತೆಳ್ಳಗಾಗಿದ್ದು ಹಂಗೇ ಉಳಿತದ. ನಂಬರ್ ಬಾಳ ಏರಿದವರಿಗಿ ರೆಟಿನಾ ಬಿಟ್ಕೊಳ್ಳೋ ಅಪಾಯ, ಗ್ಲಾಕೋಮಾ (ಕಣ್ಣಿನ ನರ ಹಾಳಾಗೋ ರೋಗ) ಅಪಾಯ ಇದೇ ಕಾರಣಕ್ಕ ಜಾಸ್ತಿ.

ಈಗ ಗ್ಲಾಸಿಗಿ ಬರೋಣ. ಸಾದಾ ಮೈನಸ್ ಗ್ಲಾಸ್ ಹಾಕಿದ್ರ ನಡುವಿನ ಚಿತ್ರ ಸರಿಯಾಗಿ ರೆಟಿನಾ ಮ್ಯಾಲ ಬೀಳ್ತದ, ಖರೆ ಅಂಚಿನ ಕಡಿದು ರೆಟಿನಾದ ಹಿಂದ ಹೋಗಿ ಬೀಳ್ತದ, ಕಣ್ಣು ಅದನ್ನ ಹಿಡಿಲಿಕ್ಕಿ ಹಿಂದಕ್ಕ ಬೆಳಿತದ ಅಂತ ತಿಳ್ಕೊಂಡಾರ. ಕಂಟ್ರೋಲ್ ಗ್ಲಾಸಿನಾಗ ಅಂಚಿನ ಬೆಳಕನ್ನ ರೆಟಿನಾದ ಮುಂದನೇ ಬೀಳ್ಸ್ತಾರ. ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ಯೂನಿವರ್ಸಿಟಿಯವ್ರು ಹೋಯಾ ಕಂಪನಿ ಜೊತಿ ಮಾಡಿದ ಗ್ಲಾಸಿನಾಗ ನಡುವ 9 ಮಿಲಿಮೀಟರ್ ಸಾದಾ ಜಾಗ, ಅದರ ಸುತ್ತ 1 ಮಿಲಿಮೀಟರಿನ ಸುಮಾರು 400 ಸಣ್ಣ ಲೆನ್ಸ್ ಅದಾವ. ಎದುರಿಗಿ ನೋಡಿದ್ರ ಏನೂ ಗೊತ್ತಾಗಲ್ಲ, ಟ್ಯೂಬ್‌ಲೈಟಿಗಿ ಓರೆ ಹಿಡಿದ್ರ ಜೇನುಗೂಡಿನಂಗ ಚುಕ್ಕಿ ಚುಕ್ಕಿ ಕಾಣ್ತಾವ. 8ರಿಂದ 13 ವರ್ಷದ ಮಕ್ಕಳ ಮ್ಯಾಲ ಎರಡು ವರ್ಷ ನೋಡ್ದಾಗ ಸಾದಾ ಗ್ಲಾಸಿನವ್ರಿಗಿ ಸರಾಸರಿ 0.85 ನಂಬರ್ ಏರಿತ್ತು, ಇದು ಹಾಕಿದವ್ರಿಗಿ 0.41. ಸರಾಸರಿ ಅಂದೀನಿ, ಎಲ್ಲಾ ಹುಡುಗ್ರಿಗೂ ಒಂದೇ ಸಮ ಕೆಲಸ ಮಾಡಂಗಿಲ್ಲ.

ದಿನಾ ಪೂರ್ತಿ ಹಾಕ್ಬೇಕು, ಶಾಲ್ಯಾಗಷ್ಟೇ ಹಾಕಿ ಮನಿಗಿ ಬಂದು ತೆಗೆದಿಟ್ರ ರೊಕ್ಕ ದಂಡ. ಮತ್ತ ಹೊರಗ ಆಡೋದು ಬಿಡಬಾರದು, ದಿನಕ್ಕ ಎರಡು ತಾಸು ಅಂತಾರ, ನಮ್ ಕಡಿ ಬ್ಯಾಸಗ್ಯಾಗ ಮಧ್ಯಾಹ್ನ ಯಾರ್ ಆಡ್ತಾರ್ರಿ, ಮುಂಜಾನಿ ಬೇವಿನ ಗಿಡದ ನೆಳ್ಳಾಗ ಆಡಿದ್ರೂ ನಡಿತದ, ಮನ್ಯಾಗಿನ ಲೈಟಿಗಿಂತ ಅಲ್ಲಿ ಬೆಳಕು ಎಷ್ಟೋ ಪಟ್ಟು ಜಾಸ್ತಿ.

ಕಡೀಗಿ ವೈನಿ ತಗೊಂಡ್ರು. ಮೊದಲ್ನೇ ವಾರದಾಗೇ ಹುಡುಗಿ ಮೂಗಿನ ಮ್ಯಾಲಿಂದ ಛಶ್ಮಾ ಜಾರಿ ಜಾರಿ ಕೆಳಗ, ಆಕಿ ನಡುವಿನ ಜಾಗ ಬಿಟ್ಟು ಚುಕ್ಕಿ ಇರೋ ಕಡಿಂದ ನೋಡ್ಲಿಕತ್ತಿದ್ಳು. ಹಿಡ್ಕೊಂಡ್ ಹೋಗಿ ಫ್ರೇಮ್ ಬಿಗಿ ಮಾಡಿಸ್ಕೊಂಡ್ ಬಂದೀನಿ.