ಯುಪಿಐ ಇದ್ದ ಮೇಲೆ ಕಿರ್ದಿ ಪುಸ್ತಕ ಏಕೆ?

ಪ್ರಶ್ನೆ: ಹಾವೇರಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿಯಿದ್ದು, ಜೊತೆಗೆ ತರಕಾರಿಯನ್ನೂ ಮಾರುತ್ತೇನೆ. ಬಹುತೇಕ ಗಿರಾಕಿಗಳು ಯುಪಿಐ ಮೂಲಕವೇ ಹಣ ಕೊಡುವುದರಿಂದ ಎಲ್ಲವೂ ಬ್ಯಾಂಕಿನಲ್ಲಿ ದಾಖಲಾಗುತ್ತದೆ. ದಿನದ ಜಮಾ-ಖರ್ಚು ಬರೆಯುವ ಕಿರ್ದಿ ಪುಸ್ತಕ ಬೇರೆ ಬೇಕೆ?

ಉತ್ತರ: ಬೇಕೇ ಬೇಕು. ಎಷ್ಟು ಹಣ ಬಂತೆಂದು ಬ್ಯಾಂಕು ಹೇಳುತ್ತದೆಯೇ ಹೊರತು, ಅದು ಏತರ ಹಣವೆಂದು ಹೇಳುವುದಿಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಇದು ಮಾರಾಟ, ಇದು ಕೈಗಡ ಎಂದು ಬಿಡಿಸಿ ತೋರಿಸುವ ಹೊಣೆ ವ್ಯಾಪಾರಿಗಳ ಮೇಲೆಯೇ ಬಿತ್ತು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಆದರೆ ತೆರಿಗೆಯುಳ್ಳ ಸರಕನ್ನೂ ಮಾರುವ ನಿಮ್ಮಂಥವರ ವಿಷಯದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ಜಿಎಸ್‌ಟಿ ನೋಂದಣಿ ಮಿತಿಯನ್ನು ಲೆಕ್ಕ ಹಾಕುವಾಗ ತರಕಾರಿಯ ಮಾರಾಟವೂ ಸೇರುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಬರೆಯಿರಿ.

ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದಾಗ, ಖಾತೆಗೆ ಬಂದ 60,000 ರೂಪಾಯಿಯನ್ನು ನಾನು ವಿಚಾರಿಸದೆ ಮಾರಾಟಕ್ಕೆ ಸೇರಿಸಿಬಿಟ್ಟಿದ್ದೆ. ಅದು ಮಾಲೀಕರ ಅಳಿಯ ಕಳಿಸಿದ ಕೈಗಡವೆಂದು ತಿಳಿದದ್ದು ವರ್ಷಾಂತ್ಯದಲ್ಲಿ. ಅಂದಿನಿಂದ ಅಂಗಡಿಗೆ ಪ್ರತ್ಯೇಕ ಖಾತೆ ತೆರೆಯಲು ಎಲ್ಲರಿಗೂ ಹೇಳುತ್ತೇನೆ. ಉದ್ರಿಯಲ್ಲೂ ಇಂಥದೇ ತಪ್ಪಾಗುತ್ತದೆ: ಮಾಲು ಹೋದ ದಿನ ಮಾರಾಟವೆಂದು ಬರೆದು, ತಿಂಗಳ ನಂತರ ಅದೇ ಬಾಕಿ ಯುಪಿಐಯಲ್ಲಿ ಬಂದಾಗ ಮತ್ತೆ ಮಾರಾಟವೆಂದೇ ಬರೆಯುತ್ತಾರೆ.

ಕಿರ್ದಿ ಬರೆಯಲು ರಾತ್ರಿ ಬಾಗಿಲು ಹಾಕುವ ಮುನ್ನ ಹತ್ತು ನಿಮಿಷ ಸಾಕು. ಆರಂಭ ಶಿಲ್ಕು (ಬೆಳಿಗ್ಗೆ ಗಲ್ಲಾದಲ್ಲಿದ್ದ ನಗದು) 1,850, ಬಿಲ್ ಪುಸ್ತಕದಂತೆ ರೋಖ (ನಗದು) ಮಾರಾಟ 4,320, ಉದ್ರಿ ವಸೂಲಿ 700, ಒಟ್ಟು 6,870 ಎಂದಿಟ್ಟುಕೊಳ್ಳಿ. ತರಕಾರಿ ಖರೀದಿಗೆ 3,200, ಹಮಾಲಿಗೆ 150, ಮನೆಯ ಹಾಲಿಗೆ 60 ಹೋದರೆ ಆಖೈರು ಶಿಲ್ಕು (ದಿನದ ಕೊನೆಗೆ ಉಳಿದ ನಗದು) 3,460 ಇರಬೇಕು. ಗಲ್ಲಾ ಎಣಿಸಿದಾಗ 3,420 ಬಂದರೆ ಜೇಬಿನಿಂದ 40 ರೂಪಾಯಿ ಹಾಕಿ ಸರಿದೂಗಿಸದೆ, ಕಡಿಮೆ ಬಿದ್ದದ್ದನ್ನು ಹಾಗೆಯೇ ಬರೆಯಿರಿ. ವಾರಕ್ಕೆ ಮೂರು ಸಲ ಹೀಗಾದರೆ ಕಾರಣ ಹುಡುಕಲು ದಾರಿಯಾಗುತ್ತದೆ. ಹಾಲಿನ 60 ರೂಪಾಯಿ ಅಂಗಡಿಯ ಖರ್ಚಲ್ಲ, ನೀವು ಮನೆಗೆ ಒಯ್ದ ಹಣ. ಅದಕ್ಕೆ ಬೇರೆ ಕಾಲಂ ಇರಲಿ.

ಜಿಎಸ್‌ಟಿ ನೋಂದಣಿಯಾದವರು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕು. ನುಣುಪು ಕಾಗದದ ಮಷಿನ್ ಬಿಲ್ಲುಗಳ ಅಕ್ಷರ ಅಷ್ಟು ದಿನ ಉಳಿಯುವುದಿಲ್ಲವಾದ್ದರಿಂದ, ಖರೀದಿಯ ಬಿಲ್ಲು ಕೈಗೆ ಬಂದ ವಾರದಲ್ಲೇ ಝೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿರಿ.