ಪಾಕಕ್ಕೆ ನಿಂಬೆರಸ ಹಿಂಡುವುದೇಕೆ?

ಪ್ರಶ್ನೆ: ಜಾಮೂನಿಗೆ ಮಾಡಿದ ಪಾಕ ಮಾರನೇ ದಿನ ತಳದಲ್ಲಿ ಹರಳುಗಟ್ಟಿರುತ್ತದೆ. ನಾಲ್ಕು ಹನಿ ನಿಂಬೆರಸ ಬಿಟ್ಟರೆ ಹಾಗಾಗುವುದಿಲ್ಲವಂತೆ. ಹುಳಿಗೂ ಹರಳಿಗೂ ಏನು ಸಂಬಂಧ?

ಉತ್ತರ: ಕೋಣೆಯ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ, ಕುದಿಯುವಾಗ 480 ಗ್ರಾಂಗೂ ಹೆಚ್ಚು. ಜಾಸ್ತಿ ಕುದಿದು ಎಳೆ ಬಂದ ಪಾಕದಲ್ಲಿ ನೀರು ಆವಿಯಾಗಿ ಹೋಗಿರುತ್ತದೆ. ಆರಿದಾಗ ಅಷ್ಟು ಸಕ್ಕರೆಗೆ ಜಾಗ ಸಾಲದು. ಸೌಟಿಗೆ ಅಂಟಿದ ಒಂದು ಕಾಳು ಸಿಕ್ಕರೂ ಸಾಕು, ಅದರ ಸುತ್ತ ಅಣುಗಳು ಸಾಲುಗಟ್ಟತೊಡಗುತ್ತವೆ.

ಸಕ್ಕರೆಯ ಅಣು, ಅಂದರೆ ಸುಕ್ರೋಸ್, ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್ ಕೈಹಿಡಿದ ಜೋಡಿ. ಹುಳಿ ಮತ್ತು ಬಿಸಿ ಸೇರಿದರೆ ನೀರು ಆ ಬಂಧವನ್ನು ಕಡಿಯುತ್ತದೆ. 342 ಗ್ರಾಂ ಸುಕ್ರೋಸ್ 18 ಗ್ರಾಂ ನೀರನ್ನು ಸೇರಿಸಿಕೊಂಡು 180 ಗ್ರಾಂ ಗ್ಲೂಕೋಸ್, 180 ಗ್ರಾಂ ಫ್ರಕ್ಟೋಸ್ ಆಗುತ್ತದೆ. ಹುಳಿ ಖರ್ಚಾಗುವುದಿಲ್ಲ, ಕೆಲಸವನ್ನು ಬೇಗ ಮಾಡಿಸುತ್ತದೆ ಅಷ್ಟೆ. ಹೂವಿನ ಮಕರಂದವನ್ನು ಜೇನಾಗಿಸುವಾಗ ಜೇನುಹುಳು ಕಿಣ್ವದಿಂದ ಮಾಡಿಸುವುದೂ ಇದನ್ನೇ. ಎಲ್ಲ ಸುಕ್ರೋಸೂ ಒಡೆಯಬೇಕಿಲ್ಲ. ಒಂದಿಷ್ಟು ಒಡೆದರೂ ಬೇರೆ ಆಕಾರದ ಅಣುಗಳು ನಡುವೆ ನುಗ್ಗಿ ಸಾಲು ಕೆಡಿಸುತ್ತವೆ.

ಒಡೆದದ್ದನ್ನು ಕಣ್ಣಾರೆ ಕಾಣಬೇಕೆಂದರೆ ಪಿಯುಸಿ ಪ್ರಯೋಗಾಲಯದ ಬೆನೆಡಿಕ್ಟ್ ಪರೀಕ್ಷೆ ಇದೆ. ತಾಮ್ರದ ಲವಣವಿರುವ ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣ 5 ಮಿಲಿ ತೆಗೆದುಕೊಂಡು, ಅದಕ್ಕೆ ಎಂಟು ಹನಿ ಸಕ್ಕರೆ ನೀರು ಬಿಟ್ಟು, ಕುದಿಯುವ ನೀರಿನಲ್ಲಿ ಪ್ರನಾಳವನ್ನು ಐದು ನಿಮಿಷ ನಿಲ್ಲಿಸಿ: ನೀಲಿ ನೀಲಿಯಾಗಿಯೇ ಉಳಿಯುತ್ತದೆ. ತಾಮ್ರವನ್ನು ಅಪಕರ್ಷಿಸಬಲ್ಲ, ಅಂದರೆ ಅದಕ್ಕೆ ಎಲೆಕ್ಟ್ರಾನ್ ಕೊಡಬಲ್ಲ, ತುದಿಗಳೆರಡೂ ಆ ಬಂಧದಲ್ಲೇ ಸಿಕ್ಕಿಕೊಂಡಿವೆ. ಅದೇ ಸಕ್ಕರೆ ನೀರನ್ನು ಮೊದಲು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಐದು ನಿಮಿಷ ಕಾಯಿಸಿ ಪರೀಕ್ಷಿಸಿದರೆ ಇಟ್ಟಿಗೆ ಕೆಂಪು ಬಣ್ಣದ ಗಷ್ಟು ಇಳಿಯುತ್ತದೆ. ವಿದ್ಯಾರ್ಥಿಗಳು ಎಡವುವುದು ನಡುವಿನ ಹೆಜ್ಜೆಯಲ್ಲಿ: ಕಾಯಿಸಿದ್ದಕ್ಕೆ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ, ನೊರೆ ಬರುವುದು ನಿಲ್ಲುವ ತನಕ ಹಾಕಬೇಕು. ಆಮ್ಲ ಉಳಿದರೆ ಕ್ಷಾರೀಯವಾದ ಬೆನೆಡಿಕ್ಟ್ ಕೆಟ್ಟು ಬಣ್ಣ ಬರುವುದಿಲ್ಲ. ಇಲ್ಲಿ ಮಾತ್ರ ನಿಂಬೆರಸ ಬೇಡ, ಅದರಲ್ಲೇ ಸ್ವಲ್ಪ ಗ್ಲೂಕೋಸ್ ಇದೆ.

ಅಡುಗೆಮನೆಗೆ ಬಂದರೆ, ಒಂದು ಲೋಟ ಸಕ್ಕರೆಗೆ ಅರ್ಧ ಟೀ ಚಮಚ ರಸ ಸಾಕು. ಸಕ್ಕರೆ ಕರಗಿ ಕುದಿ ಬಂದ ಕೂಡಲೇ ಹಾಕಿ. ಒಲೆ ಆರಿಸಿದ ಮೇಲೆ ಹಿಂಡಿದರೆ ಹುಳಿಯಷ್ಟೇ ಲಾಭ, ಬಂಧ ಕಡಿಯಲು ಬಿಸಿ ಉಳಿದಿರುವುದಿಲ್ಲ. ಪಾತ್ರೆಯ ಅಂಚಿನ ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕದಡಬೇಡಿ.

ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಇದೆಲ್ಲ ತಿರುಗುಮುರುಗು. ಅಲ್ಲಿ ಬೇಕಿರುವುದೇ ಹರಳು. ಹಾಗಾಗಿ ಪಾಕವನ್ನು ಬಿಳುಪೇರುವವರೆಗೆ ಸೌಟಿನಿಂದ ಉಜ್ಜಿ, ಥಟ್ಟನೆ ಅಚ್ಚಿಗೆ ಹುಯ್ಯುತ್ತಾರೆ. ಅದಕ್ಕೆ ಹುಳಿ ಹೆಚ್ಚಾದರೆ ಅಚ್ಚು ಕಟ್ಟದೆ ಜಿನುಗುತ್ತದೆ, ಏಕೆಂದರೆ ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ಈಗಾಗಲೇ ಹರಳುಗಟ್ಟಿದ ಪಾಕವನ್ನು ಚೆಲ್ಲಬೇಡಿ. ಜಾಮೂನು ತೆಗೆದಿಟ್ಟು, ಕಾಲು ಲೋಟ ನೀರು ಬೆರೆಸಿ, ಸಣ್ಣ ಉರಿಯಲ್ಲಿ ಒಂದು ಕಾಳೂ ಉಳಿಯದಂತೆ ಕರಗಿಸಿ, ಆಗ ರಸ ಹಿಂಡಿ ಐದು ನಿಮಿಷ ಕುದಿಸಿ.