ಸೇರಿಸೋದು ಸರಿ, ತೆಗೆಯೋದು ಯಾವುದನ್ನು?

ಪಠ್ಯಕ್ರಮ ಪರಿಷ್ಕರಣೆಯ ಸಭೆಗೆ ಬರುವವರೆಲ್ಲ ಏನಾದರೂ ಸೇರಿಸಬೇಕು ಅಂತಲೇ ಬರುತ್ತಾರೆ. ಎಐ ಬರಲಿ, ಡೇಟಾ ಅನಾಲಿಟಿಕ್ಸ್ ಬರಲಿ. ತೆಗೆಯೋಣ ಅನ್ನುವವರು ಅಪರೂಪ. ಬಿಓಎಸ್, ಅಂದರೆ ಪದವಿಯ ಪಠ್ಯಕ್ರಮ ತೀರ್ಮಾನಿಸುವ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯ ಸಭೆಗಳಲ್ಲಿ ಕೂತೂ ಕೂತೂ ನನಗೀಗ ಬಾಯಿಗೆ ಬರುವುದು ಒಂದೇ ಪ್ರಶ್ನೆ: ಗಂಟೆ ಎಲ್ಲಿಂದ ತರ್ತೀರಿ?

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 15 ಗಂಟೆ ಪಾಠ, ಪ್ರಾಕ್ಟಿಕಲ್ ಆದರೆ 30 ಗಂಟೆ. 4 ಕ್ರೆಡಿಟ್‌ನ ಥಿಯರಿ ಪತ್ರಿಕೆಗೆ 60 ಗಂಟೆ. ಐದು ಯೂನಿಟ್ ಇದ್ದರೆ ಒಂದಕ್ಕೆ 12. ಇದು ಕಾಗದದ ಮೇಲಿನ ಮಾತು. ಇಂಟರ್ನಲ್ ಟೆಸ್ಟು, ಕಾಲೇಜು ಡೇ, ಅತಿಥಿ ಉಪನ್ಯಾಸಕರ ನೇಮಕ ತಡವಾಗಿ ಕಳೆದುಹೋದ ವಾರಗಳು, ಎಲ್ಲ ಇದರಲ್ಲೇ ಕಳೆಯಬೇಕು. ನೀವು 'ಚಿಕ್ಕದೊಂದು ಅಧ್ಯಾಯ ಅಷ್ಟೇ' ಅಂತ ಸೇರಿಸುವ ಆರು ಗಂಟೆ, ಇನ್ಯಾವುದೋ ಅಧ್ಯಾಯದಿಂದ ಕಿತ್ತುಕೊಂಡ ಆರು ಗಂಟೆ. ಯಾವುದರಿಂದ ಅಂತ ಸಭೆ ಹೇಳದಿದ್ದರೆ ತರಗತಿಯಲ್ಲಿ ಮೇಷ್ಟ್ರೇ ತೀರ್ಮಾನಿಸಬೇಕಾಗುತ್ತದೆ, ಸಾಮಾನ್ಯವಾಗಿ ಕತ್ತರಿ ಬೀಳೋದು ಕೊನೆಯ ಯೂನಿಟ್‌ಗೆ. ನೀವು ಹಟ ಹಿಡಿದು ಸೇರಿಸಿದ ಹೊಸ ವಿಷಯ ಇರೋದೂ ಅಲ್ಲೇ ಅಲ್ವಾ?

ತೆಗೆಯೋಕೆ ಕಷ್ಟವಾಗೋದು ಬರೀ ವಿಷಯದ ಮೇಲಿನ ಪ್ರೀತಿಯಿಂದಲ್ಲ. ಕಾರ್ಯಭಾರದ ಭಯ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಇರಬೇಕು. ಒಂದು ಪತ್ರಿಕೆ ಹೋದರೆ ಅತಿಥಿ ಉಪನ್ಯಾಸಕರೊಬ್ಬರ ಕೆಲಸಕ್ಕೇ ಕುತ್ತು ಬರಬಹುದು. 2021ರಲ್ಲಿ ನಾಲ್ಕು ವರ್ಷದ ಪದವಿಯ ಎನ್ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದರಿಂದ ಈ ಭಯ ಇನ್ನೂ ಜಾಸ್ತಿಯಾಗಿದೆ. ಅದನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಪತ್ರಿಕೆ ಉಳಿಸಿಕೊಂಡೇ ಒಳಗಿನ ಅಧ್ಯಾಯ ಕಡಿಮೆ ಮಾಡಬಹುದು. ಗಂಟೆ ಅಷ್ಟೇ ಇರುತ್ತದೆ, ಪಾಠ ನಿಧಾನವಾಗುತ್ತದೆ.

ಒಮ್ಮೆ ಬಿಎ ಅರ್ಥಶಾಸ್ತ್ರದ ಸಂಖ್ಯಾಶಾಸ್ತ್ರ ಪತ್ರಿಕೆಗೆ ರಿಗ್ರೆಶನ್ (ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಅಂದಾಜಿಸುವ ವಿಧಾನ) ಸೇರಿಸುವ ಮಾತು ಬಂತು. ಇರುವುದನ್ನೆಲ್ಲ ಹಾಗೇ ಇಟ್ಟುಕೊಂಡು, ಅದರ ಮೇಲೆ. ತಾಲ್ಲೂಕು ಕಾಲೇಜಿನ ಮೇಡಂ ಒಬ್ಬರು ಎದ್ದು, "ಸರ್, ಪಿಯುಸಿ ಆರ್ಟ್ಸ್‌ನಿಂದ ಬಂದ ನಮ್ಮ ಮಕ್ಕಳಿಗೆ ಮೊದಲು ಶೇಕಡಾ ಲೆಕ್ಕ ಗಟ್ಟಿಯಾಗಲಿ" ಅಂದರು. ಸಭೆಯಲ್ಲಿ ತರಗತಿಯ ಮುಖ ನೆನಪಿಟ್ಟುಕೊಂಡು ಮಾತಾಡಿದವರು ಅವರೊಬ್ಬರೇ. ಕೊನೆಗೆ ರಿಗ್ರೆಶನ್ ಮುಂದಿನ ಸೆಮಿಸ್ಟರ್‌ಗೆ ಹೋಯಿತು. ಬೆಲೆಯ ಏರಿಳಿತವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಸೂಚ್ಯಂಕದ ಯೂನಿಟ್‌ಗೆ ಗಂಟೆ ಹೆಚ್ಚಾಯಿತು. ವಿದ್ಯಾರ್ಥಿಗಳು ಊರಿನ ಸಂತೆಯ ಬೆಲೆ ಬರೆದುಕೊಂಡು ಬಂದು ಸೂಚ್ಯಂಕ ಕಟ್ಟುವ ಕೆಲಸವೂ ಸೇರಿತು.

ಎಲ್ಲ ವಿಷಯಕ್ಕೂ ಇದೇ ದಾರಿ ಸರಿ ಅನ್ನಲಾರೆ. ಪ್ರಯೋಗಾಲಯದ ವಿಷಯಗಳ ಕಷ್ಟ ಬೇರೆ. ಆದರೂ ಪ್ರಸ್ತಾವ ತರುವವರು ದಯವಿಟ್ಟು ಒಂದು ಹಾಳೆ ಜೊತೆಗೆ ತನ್ನಿ: ಸೇರಿಸುವುದು ಯಾವುದು, ತೆಗೆಯುವುದು ಯಾವುದು, ಎರಡರ ಮುಂದೆಯೂ ಎಷ್ಟೆಷ್ಟು ಗಂಟೆ.